ಅಕ್ಕ ಸಣ್ಣ, ನಾನು ದಪ್ಪ: ಜೊಲ್ಲಿನ ಎಂಜೈಮ್ ಕಾರಣವೇ?

ಪ್ರಶ್ನೆ: ನನಗೆ 34 ವರ್ಷ. ಎತ್ತರ 155 ಸೆಂ.ಮೀ., ತೂಕ 72 ಕೆ.ಜಿ. ನಾನೂ ನಮ್ಮಕ್ಕನೂ ಉಂಡು ಬೆಳೆದದ್ದು ಒಂದೇ ಬುಟ್ಟಿಯ ಜೋಳದ ರೊಟ್ಟಿ. ಅಕ್ಕ ಇವತ್ತಿಗೂ ಸಣ್ಣ, ನನ್ನ ತೂಕ ಏರುತ್ತಲೇ ಇದೆ. ಜೊಲ್ಲಿನಲ್ಲಿ ಅಮೈಲೇಸ್ ಎಂಜೈಮ್ ಕಡಿಮೆ ಇದ್ದರೆ ದಪ್ಪ ಆಗುತ್ತಾರಂತೆ. ಜೀನ್ ಟೆಸ್ಟ್ ಮಾಡಿಸು, ರೊಟ್ಟಿ ಬಿಡು ಅಂತ ಪರಿಚಯದವರು ಹೇಳುತ್ತಿದ್ದಾರೆ. ಏನು ಮಾಡಲಿ ಡಾಕ್ಟ್ರೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಆ ಟೆಸ್ಟ್ ಬೇಡ ತಂಗಿ. ರೊಟ್ಟಿಯನ್ನೂ ಬಿಡಬೇಡಿ.

ಒಂದು ತುಣುಕು ರೊಟ್ಟಿಯನ್ನು ಪಲ್ಯ, ಹಿಂಡಿ ಏನೂ ಇಲ್ಲದೆ ಒಂದು ನಿಮಿಷ ಅಗಿದು ನೋಡಿ. ನಿಧಾನಕ್ಕೆ ಸಿಹಿ ಅನಿಸುತ್ತದೆ, ಅಲ್ವಾ? ಜೋಳದ ಪಿಷ್ಟವನ್ನು ಅಮೈಲೇಸ್ ಒಡೆದು ಸಕ್ಕರೆ ಮಾಡುತ್ತಿದೆ. ಇದನ್ನು ತಯಾರಿಸುವ ಜೀನ್ ಎಎಂವೈ1. ಹೆಚ್ಚಿನ ಜೀನ್‌ಗಳು ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಇದು ಹಾಗಲ್ಲ. ಒಬ್ಬರಲ್ಲಿ 2 ಇದ್ದರೆ ಇನ್ನೊಬ್ಬರಲ್ಲಿ 10ಕ್ಕೂ ಜಾಸ್ತಿ. ಪ್ರತಿಗಳು ಜಾಸ್ತಿ ಇದ್ದವರ ಜೊಲ್ಲಿನಲ್ಲಿ ಸಾಮಾನ್ಯವಾಗಿ ಎಂಜೈಮೂ ಜಾಸ್ತಿ.

ಪ್ರತಿ ಕಡಿಮೆ ಇರುವವರಲ್ಲಿ ಬೊಜ್ಜು ಜಾಸ್ತಿ ಅಂತ 2014ರಲ್ಲಿ ಒಂದು ಅಧ್ಯಯನ ಬಂತು. ನಿಮಗೆ ಹೇಳಿದವರ ಕಿವಿಗೆ ಬಿದ್ದದ್ದು ಇದೇ ಸುದ್ದಿ ಇರಬೇಕು. ಮರುವರ್ಷವೇ ಇನ್ನೊಂದು ತಂಡ ಪ್ರತಿಗಳನ್ನು ಇನ್ನೂ ಕರಾರುವಾಕ್ಕಾಗಿ ಎಣಿಸಿತು. ತೂಕದ ಜೊತೆ ನಂಟೇ ಸಿಗಲಿಲ್ಲ. ನನಗೆ ಇದು ಸರಿ ಅನಿಸುತ್ತದೆ. ತುತ್ತು ಬಾಯಲ್ಲಿ ಇರುವುದೇ ಸ್ವಲ್ಪ ಹೊತ್ತು. ಮುಂದೆ ಸಣ್ಣ ಕರುಳಿಗೆ ಮೇದೋಜೀರಕ ಗ್ರಂಥಿಯ ಅಮೈಲೇಸ್ ಬಂದು ಸೇರುತ್ತದೆ. ಪಿಷ್ಟದ ದೊಡ್ಡ ಪಾಲನ್ನು ಒಡೆಯುವುದು ಅದೇ.

ತೂಕದ ಜೊತೆ ಗಟ್ಟಿ ನಂಟು ಕಂಡದ್ದು ಎಫ್‌ಟಿಒ ಜೀನ್‌ನಲ್ಲಿ. ಅದೂ ಒಂದು ಎಂಜೈಮನ್ನೇ ತಯಾರಿಸುತ್ತದೆ. ಈ ಜೀನ್‌ನ ಒಂದು ಬಗೆ ಅಪ್ಪ, ಅಮ್ಮ ಇಬ್ಬರಿಂದಲೂ ಬಂದವರು ಸರಾಸರಿ 3 ಕೆ.ಜಿ. ಜಾಸ್ತಿ ತೂಗುತ್ತಾರೆ ಅಂತ 2007ರಲ್ಲಿ ಯುರೋಪಿನವರ ಅಧ್ಯಯನದಲ್ಲಿ ಗೊತ್ತಾಯಿತು. ಇಂಥವರು ಸ್ವಲ್ಪ ಜಾಸ್ತಿ ಉಣ್ಣುತ್ತಾರೆ, ಹೊಟ್ಟೆ ತುಂಬಿತು ಅಂತ ಬೇಗ ಅನಿಸುವುದಿಲ್ಲ. ಅಕ್ಕ ತಂಗಿಯರಲ್ಲೂ ಇದು ಬೇರೆ ಬೇರೆ ಇರಬಹುದು. "ಬಾಯಿ ಕಟ್ಟೋದಿಲ್ಲ" ಅಂತ ಯಾರಾದರೂ ಅಂದರೆ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹಸಿವು ಎಲ್ಲರಿಗೂ ಒಂದೇ ಅಲ್ಲ.

ಆದರೆ ಅದು 3 ಕೆ.ಜಿ. ಮಾತು. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, 30ರ ಹತ್ತಿರ ಇದೆ. ನಮ್ಮ ದೇಶದವರಿಗೆ 25 ದಾಟಿದರೇ ಬೊಜ್ಜು ಅನ್ನುತ್ತೇವೆ. ಜೀನ್ ಟೆಸ್ಟ್‌ನ ದುಡ್ಡಿನಲ್ಲಿ ಥೈರಾಯ್ಡ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) ನೋಡಿಸಿ. ಬಿಪಿಯನ್ನೂ ನೋಡಿಸಿ. ಮುಟ್ಟು ಏರುಪೇರಾಗುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ರೊಟ್ಟಿ ಒಂದು ಕಡಿಮೆ ಮಾಡಿ, ತೊಗರಿ ಬೇಳೆ, ಸೊಪ್ಪು ಜಾಸ್ತಿ ಹಾಕಿಕೊಳ್ಳಿ. ಸಂಜೆಯ ಮಿರ್ಚಿ ಭಜಿ ವಾರಕ್ಕೊಮ್ಮೆ ಸಾಕು.

ನಡಿಗೆ ಮಾತ್ರ ತಪ್ಪಿಸಬೇಡಿ. ಓಡಾಡಿಕೊಂಡು ಇರುವವರಲ್ಲಿ ಎಫ್‌ಟಿಒ ಪ್ರಭಾವ ಸುಮಾರು ಕಾಲು ಭಾಗ ಇಳಿಯುತ್ತದೆ ಅಂತ 2 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿಂದ 2011ರಲ್ಲಿ ತಿಳಿದಿದೆ. ನಮ್ಮ ಬಿಸಿಲಿಗೆ ಮುಂಜಾನೆಯೇ ಸರಿ. ಅಪ್ಪನ ಕೆರೆ ಕಡೆ ಹೋಗಿ, ಇಲ್ಲವೇ ನಿಮ್ಮ ಓಣಿಯಲ್ಲೇ ನಡೆಯಿರಿ. ಅಕ್ಕನನ್ನೂ ಕರೆದುಕೊಳ್ಳಿ, ಶುಗರ್ ಪರೀಕ್ಷೆಗೂ ಅವರನ್ನು ಕರೆದೊಯ್ಯಿರಿ. ನಮ್ಮಲ್ಲಿ ಸಣ್ಣ ಇದ್ದವರಿಗೂ ಶುಗರ್ ಬರುತ್ತದೆ.