ಡ್ರಿಪ್ ನಿಂತಾಗ, ಸೂಜಿ ಚುಚ್ಚಿದಾಗ: ನರ್ಸ್ ಕೆಲಸದ ಬಗ್ಗೆ ಓದುಗರು ಕೇಳಿದ್ದು

ಪ್ರಶ್ನೆ: ವಾರ್ಡಿಗೆ ಸೇರಿ ಎರಡು ತಿಂಗಳಾಯಿತು. ಡ್ರಿಪ್ಪಿನ ಹನಿ ಲೆಕ್ಕ ಇನ್ನೂ ಕೈಗೆ ಹತ್ತಿಲ್ಲ. ಹಾಕಿ ಬಂದ ಅರ್ಧ ಗಂಟೆಗೇ ಡ್ರಿಪ್ ನಿಂತುಹೋಗಿರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಲೆಕ್ಕ ಸುಲಭದ್ದೇ. ಎಷ್ಟು ಮಿಲಿ ಕೊಡಬೇಕೋ ಅದನ್ನು ಸೆಟ್ಟಿನ (ಡ್ರಿಪ್ಪಿನ ಟ್ಯೂಬಿನ) ಹನಿ ಸಂಖ್ಯೆಯಿಂದ, ಅಂದರೆ ಅದರಲ್ಲಿ ಒಂದು ಮಿಲಿಗೆ ಎಷ್ಟು ಹನಿಯೋ ಅದರಿಂದ ಗುಣಿಸಿ, ಎಷ್ಟು ನಿಮಿಷದಲ್ಲಿ ಹೋಗಬೇಕೋ ಅದರಿಂದ ಭಾಗಿಸಿ. 500 ಮಿಲಿ ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ ಮಿಲಿಗೆ 20 ಹನಿಯದು ಅಂದುಕೊಳ್ಳಿ. 500ನ್ನು 20ರಿಂದ ಗುಣಿಸಿದರೆ 10,000. ಅದನ್ನು 240ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಹೊಸಬರು ಗುಣಾಕಾರದಲ್ಲಿ ಎಡವುವುದು ಕಡಿಮೆ. ಸೆಟ್ ಯಾವುದು ಅಂತ ನೋಡುವುದಿಲ್ಲ, ಅಲ್ಲೇ ತಪ್ಪುತ್ತದೆ. ಕೆಲವು ಸೆಟ್ಟುಗಳು ಮಿಲಿಗೆ 15 ಹನಿಯವು, ಮೈಕ್ರೋ ಸೆಟ್ 60 ಹನಿಯದು. ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುತ್ತದೆ, ಹರಿದು ಬಿಸಾಡುವ ಮುಂಚೆ ಓದಿಕೊಳ್ಳಿ. ಮೈಕ್ರೋ ಸೆಟ್ ಇದ್ದರೆ ಲೆಕ್ಕವೇ ಬೇಡ: ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ.

ಇನ್ನು ನಿಂತ ಡ್ರಿಪ್. ಎಲ್ಲರ ಕೈಯೂ ಮೊದಲು ಹನಿ ಹೆಚ್ಚುಕಡಿಮೆ ಮಾಡುವ ಕ್ಲ್ಯಾಂಪಿಗೆ ಹೋಗುತ್ತದೆ. ಹಾಗೆ ಮಾಡಬೇಡಿ, ರೋಗಿಯ ಕೈಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಇರುವ ಜಾಗ ಊದಿ, ಮುಟ್ಟಿದರೆ ತಣ್ಣಗಿದ್ದರೆ ದ್ರವ ರಕ್ತನಾಳದ ಹೊರಗೆ ಇಳಿಯುತ್ತಿದೆ ಎಂದರ್ಥ. ಡ್ರಿಪ್ ನಿಲ್ಲಿಸಿ, ಕ್ಯಾನುಲಾ ತೆಗೆದು, ಕೈಯನ್ನು ದಿಂಬಿನ ಮೇಲೆ ಎತ್ತರಿಸಿಡಿ. ಹೊಸದನ್ನು ಸಾಧ್ಯವಾದರೆ ಇನ್ನೊಂದು ಕೈಗೆ ಹಾಕಿ. ಕೆಂಪಾಗಿ, ಬಿಸಿಯಾಗಿ, ನಾಳ ದಾರದ ಹಾಗೆ ಗಟ್ಟಿಯಾಗಿ ಸಿಕ್ಕರೆ ಅದು ನಾಳದ ಉರಿಯೂತ, ಆಗಲೂ ತೆಗೆಯಲೇಬೇಕು. ಆದರೆ ಕ್ಯಾನ್ಸರ್ ಔಷಧದಂಥ, ಮಾಂಸವನ್ನು ಸುಡುವ ಔಷಧ ಸೋರಿದ್ದರೆ ಮಾತ್ರ ಕ್ಯಾನುಲಾ ಕೀಳುವ ಆತುರ ಬೇಡ. ಔಷಧ ನಿಲ್ಲಿಸಿ, ಅದೇ ಕ್ಯಾನುಲಾದಿಂದ ಸಿಕ್ಕಷ್ಟನ್ನು ಸಿರಿಂಜಿಗೆ ಎಳೆದುಕೊಂಡು, ಕೂಡಲೇ ಡಾಕ್ಟರನ್ನು ಕರೆಯಿರಿ.

ಕೈ ಚೆನ್ನಾಗಿದ್ದರೆ ಮುಂದಿನದು ನೋಡಿ. ಮೊಣಕೈ ಮಡಿಚಿದೆಯೇ, ಟ್ಯೂಬ್ ರೋಗಿಯ ಮೈಕೆಳಗೆ ಸಿಕ್ಕಿದೆಯೇ, ಗಟ್ಟಿ ಬಾಟಲಿಯಾದರೆ ಗಾಳಿಕಿಂಡಿ ತೆರೆದಿದೆಯೇ. ಮಲಗಿದ್ದವರು ಎದ್ದು ಕೂತರೂ ಹನಿ ನಿಧಾನವಾಗುತ್ತದೆ, ಏಕೆಂದರೆ ಬಾಟಲಿಗೂ ಕೈಗೂ ಇದ್ದ ಎತ್ತರದ ಅಂತರ ಕಡಿಮೆಯಾಗಿರುತ್ತದೆ. ಇದ್ಯಾವುದೂ ಅಲ್ಲದಿದ್ದರೆ ಕ್ಯಾನುಲಾದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಲವಾಗಿ ಸಲೈನ್ ತಳ್ಳಬೇಡಿ, ಹೆಪ್ಪು ಒಳಗೆ ಹೋಗುತ್ತದೆ. ತೆಗೆದು ಹೊಸದು ಹಾಕಿ.

ಪ್ರಶ್ನೆ: ಇಂಜೆಕ್ಷನ್ ಕೊಟ್ಟ ಸೂಜಿ ಬೆರಳಿಗೆ ಚುಚ್ಚಿತು. ಬೈಗುಳದ ಭಯಕ್ಕೆ ಯಾರಿಗೂ ಹೇಳಿಲ್ಲ. ರಕ್ತ ಹಿಂಡಿ ತೆಗೆದಿದ್ದೇನೆ, ಸಾಕಲ್ಲವೇ?

ಉತ್ತರ: ಸಾಲದು. ಇದನ್ನು ಓದಿದ ಕೂಡಲೇ ಹೋಗಿ ಹೇಳಿ. ಹಿಂಡುವುದರಿಂದ ಪ್ರಯೋಜನವಿಲ್ಲ, ಬ್ಲೀಚ್ ಹಚ್ಚಿದರೆ ಚರ್ಮ ಇನ್ನಷ್ಟು ಕೆಡುತ್ತದೆ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯುವುದು, ಆಮೇಲೆ ತಡಮಾಡದೆ ವರದಿ ಮಾಡುವುದು, ಇದು ಸರಿಯಾದ ಕ್ರಮ. ರೋಗಿಯ ರಕ್ತ ಪರೀಕ್ಷೆ, ನಿಮ್ಮ ರಕ್ತ ಪರೀಕ್ಷೆ ಎರಡೂ ಆಗಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದಾದರೆ ಆದಷ್ಟು ಬೇಗ, ಕೆಲವೇ ಗಂಟೆಗಳಲ್ಲಿ ಶುರುಮಾಡಬೇಕು. 72 ಗಂಟೆ ದಾಟಬಾರದು. ಶುರುಮಾಡಿದರೆ 28 ದಿನ ಬಿಡದೆ ನುಂಗಬೇಕು.

ಭಯ ಎಷ್ಟು ಬೇಕೋ ಅಷ್ಟೇ ಇರಲಿ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸಾವಿರಕ್ಕೆ ಸುಮಾರು 3 ಸಲ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಅದಕ್ಕಿಂತ ಎಷ್ಟೋ ಪಾಲು ಸುಲಭವಾಗಿ ಅಂಟುತ್ತದೆ. ಅದರ ಲಸಿಕೆಯನ್ನು ಸಾಮಾನ್ಯವಾಗಿ ಮೂರು ಸಲ ಹಾಕುತ್ತಾರೆ: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮೂರನೆಯದು ಆದ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಬಂದಿದೆಯೇ ಎಂದು ನೋಡಿಸಿ. ಈ ಕೊನೆಯ ಪರೀಕ್ಷೆಯನ್ನು ಬಹಳ ಜನ ಮರೆತೇಬಿಡುತ್ತಾರೆ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದು, ಟ್ರೇನಲ್ಲಿ ಹತ್ತಿ ಕೆಳಗೆ ಬಿಡುವುದು, ತುಂಬಿ ತುಳುಕುವ ಡಬ್ಬಿಗೆ ಇನ್ನೊಂದನ್ನು ತುರುಕುವುದು. ಸೂಜಿ ಚುಚ್ಚುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ಡಬ್ಬಿ ಮುಕ್ಕಾಲು ತುಂಬಿದಾಗಲೇ ಬದಲಿಸಿ. ಇಂಜೆಕ್ಷನ್ ಕೊಡುವ ಮೊದಲು ಅದು ಕೈಗೆಟುಕುವ ಹಾಗೆ ಇರಲಿ. ಇನ್ನು ಬೈಗುಳದ ಮಾತು. ಸೂಜಿ ಚುಚ್ಚಿಸಿಕೊಂಡವರನ್ನು ಬೈಯುವ ವಾರ್ಡಿನಲ್ಲಿ ಮುಂದಿನವರು ಮುಚ್ಚಿಡುತ್ತಾರೆ. ಇದನ್ನು ಮೇಲಿನವರೂ ಓದಲಿ.

ಪ್ರಶ್ನೆ: ಔಷಧ ಕೊಡುತ್ತಿರುವಾಗಲೇ ರೋಗಿಯ ಕಡೆಯವರು ಹತ್ತು ಸಲ ಕರೆಯುತ್ತಾರೆ. ಎಲ್ಲಿ ತಪ್ಪಿಬಿಡುತ್ತೇನೋ ಎಂದು ಮನೆಗೆ ಹೋದಮೇಲೂ ನಿದ್ದೆ ಬರುವುದಿಲ್ಲ.

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ತುಂಬ ತಪ್ಪುಗಳು ಆಗುವುದು ಗೊತ್ತಿಲ್ಲದ್ದರಿಂದಲ್ಲ, ನಡುವೆ ಮಾತು ಬಂದು ಎಣಿಕೆ ತಪ್ಪುವುದರಿಂದ. ಕರೆದವರಿಗೆ ಮುಖ ನೋಡಿ ಹೇಳಿ: "ಐದು ನಿಮಿಷ, ಇವರಿಗೆ ಔಷಧ ಕೊಟ್ಟು ನೇರ ನಿಮ್ಮ ಹತ್ತಿರಾನೇ ಬರ್ತೀನಿ." ಹೇಳಿದಂತೆ ಹೋಗಿ. ಒಂದೆರಡು ಸಲ ಮಾತು ಉಳಿಸಿಕೊಂಡರೆ ಮತ್ತೆ ಮತ್ತೆ ಕರೆಯುವುದು ತಾನಾಗಿ ಕಡಿಮೆಯಾಗುತ್ತದೆ. ಜೀವ ಹೋಗುವ ತುರ್ತಾದರೆ ಬಿಟ್ಟು ಓಡಲೇಬೇಕು. ವಾಪಸ್ ಬಂದಮೇಲೆ ನಿಲ್ಲಿಸಿದಲ್ಲಿಂದ ಬೇಡ, ಮೊದಲಿನಿಂದ ನೋಡಿ.

ಲೇಬಲ್ ಮೂರು ಸಲ ಓದಿ: ತೆಗೆದುಕೊಳ್ಳುವಾಗ, ಸಿರಿಂಜಿಗೆ ಎಳೆಯುವಾಗ, ಹಾಸಿಗೆಯ ಪಕ್ಕದಲ್ಲಿ. "ಇಂಥವರು ನೀವೇನಾ?" ಎಂದು ಕೇಳಬೇಡಿ. ಅರೆನಿದ್ದೆಯಲ್ಲಿರುವವರು, ಕಿವಿ ಕೇಳದವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ. "ನಿಮ್ಮ ಹೆಸರು ಹೇಳಿ" ಎನ್ನಿ, ಕೈಪಟ್ಟಿ ನೋಡಿ. ಚಾರ್ಟಿಗೆ ಸಹಿ ಕೊಟ್ಟಮೇಲೆ ಹಾಕಿ, ಮುಂಚೆಯಲ್ಲ.

ಎರಡು ಔಷಧಗಳ ಬಗ್ಗೆ ಒತ್ತಿ ಹೇಳಬೇಕು. ಇನ್ಸುಲಿನ್‌ಗೆ ಅದರದೇ ಸಿರಿಂಜ್ ಬೇಕು, ಅದೂ ಬಾಟಲಿಗೆ ಹೊಂದುವಂಥದ್ದು. ಮಿಲಿಗೆ 100 ಯೂನಿಟ್‌ನ ಇನ್ಸುಲಿನ್ ಅನ್ನು ಮಿಲಿಗೆ 40 ಯೂನಿಟ್‌ನ ಲೆಕ್ಕಕ್ಕೆ ಗೆರೆ ಹಾಕಿದ ಸಿರಿಂಜಿನಲ್ಲಿ 10 ಯೂನಿಟ್‌ನ ಗೆರೆವರೆಗೆ ಎಳೆದರೆ ರೋಗಿಗೆ ಹೋಗುವುದು 25 ಯೂನಿಟ್. ಪೊಟ್ಯಾಸಿಯಂ ಕ್ಲೋರೈಡ್ ಅನ್ನು ಯಾವತ್ತೂ ನೇರ ನಾಳಕ್ಕೆ ತಳ್ಳಬಾರದು, ಹೃದಯ ನಿಲ್ಲುತ್ತದೆ. ಚೀಲಕ್ಕೆ ಬೆರೆಸುವಾಗಲೂ ನೇತುಹಾಕಿದ ಚೀಲಕ್ಕೆ ಚುಚ್ಚಬೇಡಿ. ಭಾರದ ದ್ರವ ತಳದಲ್ಲೇ ನಿಂತು ಒಮ್ಮೆಲೇ ಇಳಿಯುತ್ತದೆ. ಕೆಳಗಿಳಿಸಿ, ಬೆರೆಸಿ, ಹತ್ತು ಸಲ ತಲೆಕೆಳಗು ಮಾಡಿ, ಇನ್ನೊಬ್ಬರಿಗೆ ತೋರಿಸಿ.

ಪ್ರಶ್ನೆ: ಹಾಸಿಗೆ ಹಿಡಿದವರನ್ನು ಹೊರಳಿಸಿ ಹೊರಳಿಸಿ ನನ್ನ ಸೊಂಟವೇ ಬಿದ್ದುಹೋಗಿದೆ.

ಉತ್ತರ: ಮಂಚವನ್ನು ನಿಮ್ಮ ಸೊಂಟದ ಎತ್ತರಕ್ಕೆ ಏರಿಸಿ, ಚಕ್ರದ ಬ್ರೇಕ್ ಹಾಕಿ. ಒಬ್ಬರೇ ಎತ್ತಬೇಡಿ. ರೋಗಿಯ ಕೆಳಗಿನ ಅಡ್ಡಬಟ್ಟೆಯನ್ನು ಇಬ್ಬರು ಎರಡು ಬದಿಯಿಂದ ಸುರುಳಿಸುತ್ತಿ ಹಿಡಿದು, ಒಂದು, ಎರಡು, ಮೂರು ಎಂದು ಎಣಿಸಿ ಜಾರಿಸಿ. ಬಲ ಕಾಲಿಂದ ಬರಲಿ, ಸೊಂಟ ತಿರುಚಬೇಡಿ. ನಡೆಸುವಾಗ ಯಾರಾದರೂ ಕುಸಿದರೆ ಎತ್ತಿ ಹಿಡಿಯಲು ಹೋಗಬೇಡಿ. ನಿಮ್ಮ ಕಾಲಿಗೆ ಒರಗಿಸಿಕೊಂಡು, ತಲೆ ಕಾಪಾಡುತ್ತ ನೆಲಕ್ಕೆ ಇಳಿಸಿ. ಪೂರಾ ಪಕ್ಕಕ್ಕೆ ಹೊರಳಿಸುವ ಬದಲು ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ನಿಮಗೂ ಹಗುರ, ಅವರ ಸೊಂಟದ ಮೂಳೆಗೂ ಒತ್ತಡ ಕಡಿಮೆ. ಹೊರಳಿಸಿದಾಗ ಬೆನ್ನಿನ ಕೆಳಭಾಗ, ಹಿಮ್ಮಡಿ ನೋಡಿ. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿದಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ. ಅಲ್ಲಿ ಉಜ್ಜಬೇಡಿ, ಆ ಮಗ್ಗುಲಿಗೆ ಮಲಗಿಸಬೇಡಿ.

ಪ್ರಶ್ನೆ: ಮಗಳು ನರ್ಸಿಂಗ್ ಓದುತ್ತೇನೆ ಎನ್ನುತ್ತಾಳೆ. ಬರೀ ದುಡಿತ, ಹೆಸರಿಲ್ಲದ ಕೆಲಸ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ಇದರಲ್ಲಿ ತೃಪ್ತಿ ನಿಜಕ್ಕೂ ಇದೆಯೇ?

ಉತ್ತರ: ದುಡಿತ ಎನ್ನುವುದು ಸುಳ್ಳಲ್ಲ. ಕಾಲು ನೋವು, ರಾತ್ರಿ ಪಾಳಿ, ಹಬ್ಬಕ್ಕೆ ಮನೆಯಲ್ಲಿ ಇಲ್ಲದಿರುವುದು, ನೋಡಿಕೊಂಡವರು ಕಣ್ಣೆದುರೇ ತೀರಿಕೊಳ್ಳುವುದು, ಎಲ್ಲ ಇದೆ. ತೃಪ್ತಿಯೂ ಇದೆ. ಆದರೆ ಅದು ಹೊರಗಿನವರ ಕಣ್ಣಿಗೆ ಬೀಳುವಂಥದ್ದಲ್ಲ.

ಉಸಿರು ಎಣಿಸುವುದನ್ನೇ ನೋಡಿ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಹಜ. ಒಳಗೆ ಏನೋ ಕೆಡುತ್ತಿದ್ದರೆ ಬಿಪಿ ಬೀಳುವ ಎಷ್ಟೋ ಮುಂಚೆ ಉಸಿರು 24, 26ಕ್ಕೆ ಏರಿರುತ್ತದೆ. ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ರೋಗಿ ಉಸಿರಾಡುವ ರೀತಿಯೇ ಬದಲಾಗುತ್ತದೆ. ಅದಕ್ಕೇ ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು, ಎದೆಯ ಏರಿಳಿತವನ್ನು ಪೂರಾ ಒಂದು ನಿಮಿಷ ಎಣಿಸಬೇಕು. ಅಂದಾಜಿಗೆ 18 ಎಂದು ಬರೆದು ಮುಂದೆ ಹೋಗುವವರಿದ್ದಾರೆ. ಎಣಿಸಿದವರು ಡಾಕ್ಟರನ್ನು ಎರಡು ಗಂಟೆ ಮೊದಲೇ ಕರೆಯುತ್ತಾರೆ, ಆ ರೋಗಿ ನಡೆದುಕೊಂಡು ಮನೆಗೆ ಹೋಗಬಹುದು. ಅದು ತನ್ನಿಂದಾಯಿತು ಎಂದು ನರ್ಸಿಗೆ ಗೊತ್ತಿರುತ್ತದೆ. ಗಾಯದ ಡ್ರೆಸಿಂಗಿನಲ್ಲೂ ಹೀಗೇ: ಹಳದಿ ಲೋಳೆ ಹೋಗಿ, ತಳದಲ್ಲಿ ಕೆಂಪು ಮಾಂಸ ಹರಳು ಹರಳಾಗಿ ಏಳುತ್ತದೆ, ಅಂಚಿನಿಂದ ತೆಳು ಗುಲಾಬಿ ಚರ್ಮ ಒಳಕ್ಕೆ ಹರಿಯುತ್ತದೆ. ವಾರಕ್ಕೊಮ್ಮೆ ಅಳೆದರೆ ಮಿಲಿಮೀಟರಿನ ಲೆಕ್ಕದಲ್ಲಿ ಕಾಣುತ್ತದೆ.

ಇಂಥದ್ದರಲ್ಲಿ ಅವಳಿಗೆ ಆಸಕ್ತಿ ಇದೆಯೇ, ಮಲಮೂತ್ರ, ವಾಸನೆ, ನೋವಿನ ಕೂಗು ಇದ್ದಲ್ಲಿ ನಿಲ್ಲಬಲ್ಲಳೇ ಎಂದು ಅವಳನ್ನೇ ಕೇಳಿ. ರಾತ್ರಿ ಡ್ಯೂಟಿ ಮುಗಿಸಿ ಬಂದ ನರ್ಸ್ ಒಬ್ಬರ ಜೊತೆ ಅರ್ಧ ಗಂಟೆ ಮಾತಾಡಿಸಿ. ಆಮೇಲೂ ಹೂಂ ಎಂದರೆ ತಡೆಯಬೇಡಿ. ಸೇರುವ ದಿನಕ್ಕೆ ಜಾರದ ಅಡಿಯ, ಮುಂಗಾಲು ಮುಚ್ಚುವ ಷೂ ಕೊಡಿಸಿ. ಸೆಕೆಂಡಿನ ಮುಳ್ಳಿರುವ ಗಡಿಯಾರವನ್ನೂ ಕೊಡಿಸಿ, ಕೈಗೆ ಕಟ್ಟುವುದಲ್ಲ, ಎದೆಗೆ ಸಿಕ್ಕಿಸಿಕೊಳ್ಳುವುದು. ಮಣಿಕಟ್ಟು ಬರಿದಾಗಿದ್ದರೇ ಕೈ ಸರಿಯಾಗಿ ತೊಳೆಯಲು ಆಗುವುದು.