ಆರನೆಯ ದಿನದ ಲೆಕ್ಕ: ಕಾಸರಗೋಡಿನ ಕನ್ನಡ ಶಾಲೆಗಳ ದುಡ್ಡು ಮತ್ತು ಫಲಿತಾಂಶ

"ನಿಮ್ಮ ಕನ್ನಡ ಶಾಲೆಗಳಿಗೆ ಕೇರಳ ಸರಕಾರ ದುಡ್ಡೇ ಕೊಡುವುದಿಲ್ಲವಂತೆ, ಹೌದಾ?" ಎಂದು ಘಟ್ಟದ ಮೇಲಿನವರು ಕೇಳುವುದುಂಟು. ಕೊಡುತ್ತದೆ. ಸರಕಾರಿ ಶಾಲೆಯಾಗಲಿ, ಖಾಸಗಿ ಮ್ಯಾನೇಜರರ ಅನುದಾನಿತ ಶಾಲೆಯಾಗಲಿ, ಅಧ್ಯಾಪಕರ ಸಂಬಳ ಖಜಾನೆಯಿಂದಲೇ ಬರುತ್ತದೆ. ಯಾವ ಶಾಲೆಗೆ ಎಷ್ಟು ಹುದ್ದೆ, ಆ ಹುದ್ದೆಗೆ ಕನ್ನಡ ಬಲ್ಲವರು ಯಾವಾಗ ಬರುತ್ತಾರೆ ಎಂಬಲ್ಲೇ ತೊಡಕು.

ಕೇರಳದಲ್ಲಿ ಶಾಲೆ ತೆರೆಯುವುದು ಜೂನ್ ಆರಂಭದಲ್ಲಿ. ಆರನೆಯ ಕೆಲಸದ ದಿನ ಹಾಜರಿ ಪಟ್ಟಿಯಲ್ಲಿದ್ದ ಮಕ್ಕಳ ಲೆಕ್ಕವೇ ಆ ವರ್ಷದ ಹುದ್ದೆಗಳನ್ನು ನಿರ್ಧರಿಸುತ್ತದೆ. 1ರಿಂದ 5ರವರೆಗೆ 30 ಮಕ್ಕಳಿಗೆ ಒಬ್ಬರು, 6ರಿಂದ 8ರವರೆಗೆ 35ಕ್ಕೆ ಒಬ್ಬರು. ಪ್ರೌಢಶಾಲೆಯಲ್ಲಿ ಪೀರಿಯಡ್ ಲೆಕ್ಕವೂ ಸೇರುತ್ತದೆ. ಮಗುವಿನ ವಿವರ ಶಿಕ್ಷಣ ಇಲಾಖೆಯ ದಾಖಲಾತಿ ತಂತ್ರಾಂಶ 'ಸಂಪೂರ್ಣ'ದಲ್ಲಿ ಆಧಾರ್ ಸಂಖ್ಯೆಯೊಡನೆ ತಾಳೆಯಾಗಬೇಕು. ಗಡಿಯ ತಲಪಾಡಿ ದಾಟಿ ಬಂದು ಸೇರುವ ಮಕ್ಕಳ ವಿಷಯದಲ್ಲಿ ಇಲ್ಲೇ ಎಡವಟ್ಟು: ಕರ್ನಾಟಕದ ಟಿ.ಸಿ.ಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇನಿಷಿಯಲ್. ಮಗು ಬೆಂಚಿನ ಮೇಲೆ ಕೂತಿರುತ್ತದೆ, ಲೆಕ್ಕದಲ್ಲಿ ಇರುವುದಿಲ್ಲ. ಹೀಗೆ ಒಂದೆರಡು ಮಕ್ಕಳು ಬಿಟ್ಟುಹೋದರೆ ಒಂದು ಡಿವಿಷನ್ (ತರಗತಿಯ ವಿಭಾಗ), ಅದರೊಡನೆ ಒಂದು ಹುದ್ದೆ ಹೋಗುತ್ತದೆ. ಹಾಗಾಗಿ ಈ ತಿದ್ದುಪಡಿಯನ್ನು ಮೇ ತಿಂಗಳಲ್ಲೇ ಮುಗಿಸಬೇಕು. ಜೂನ್‌ನಲ್ಲಿ ಆಧಾರ್ ತಿದ್ದಿಕೊಡುವ ಅಕ್ಷಯ ಕೇಂದ್ರದ ಎದುರು ಸಾಲು ನಿಂತು ಪ್ರಯೋಜನವಿಲ್ಲ.

ಮಂಜೇಶ್ವರ, ಕುಂಬಳೆ ಕಡೆಯ ಅನೇಕ ಶಾಲೆಗಳಲ್ಲಿ ಕನ್ನಡ, ಮಲಯಾಳ ಎರಡೂ ಮಾಧ್ಯಮ ಒಂದೇ ಸೂರಿನಡಿ ಇವೆ. ಕೆಲವೆಡೆ ಇಂಗ್ಲಿಷ್ ಡಿವಿಷನ್ ಕೂಡ ಉಂಟು. ಶಾಲೆ ಉಳಿಯಲಿ ಎಂದು ಇಂಗ್ಲಿಷ್ ಡಿವಿಷನ್ ತೆರೆಯುತ್ತಾರೆ, ಅದು ತುಂಬುವುದು ಮಾತ್ರ ಪಕ್ಕದ ಕನ್ನಡ ತರಗತಿಯ ಮಕ್ಕಳಿಂದ. ತರಗತಿಗೆ ಸರಾಸರಿ 15 ಮಕ್ಕಳೂ ಇಲ್ಲದ ಶಾಲೆ 'ಅನ್‌ಇಕನಾಮಿಕ್' ಪಟ್ಟಿಗೆ ಬೀಳುತ್ತದೆ. ಅನುದಾನಿತ ಶಾಲೆಯಾದರೆ ಅಲ್ಲಿ ಹೊಸ ನೇಮಕಾತಿ ದಿನಗೂಲಿ ಮೇಲೆ.

ಕಟ್ಟಡದ ದುಡ್ಡಿಗೆ ದಾರಿ ಹಲವು. ಸರಕಾರಿ ಪ್ರಾಥಮಿಕ ಶಾಲೆ ಗ್ರಾಮ ಪಂಚಾಯತಿನದು, ಪ್ರೌಢಶಾಲೆ ಜಿಲ್ಲಾ ಪಂಚಾಯತಿನದು. ಅವುಗಳ ಯೋಜನಾ ನಿಧಿ, ರಾಜ್ಯದ ಮೂಲಸೌಕರ್ಯ ನಿಧಿ ಮಂಡಳಿಯಾದ ಕಿಫ್‌ಬಿ, ಜಿಲ್ಲೆಯ ಅಭಿವೃದ್ಧಿಯ ಬಗ್ಗೆ ಅಧ್ಯಯನ ಮಾಡಿದ ಪ್ರಭಾಕರನ್ ಆಯೋಗದ ವರದಿಯಿಂದ ಬಂದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಇವೆ. ದಿನನಿತ್ಯದ ಖರ್ಚೇ ಕಷ್ಟ. ಕೇಂದ್ರ, ರಾಜ್ಯ ಎರಡರ ದುಡ್ಡೂ ಸೇರಿದ ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನ 30ರವರೆಗೆ ಮಕ್ಕಳಿದ್ದರೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಕರೆಂಟು ಬಿಲ್ಲು, ಚಾಕ್‌ಪೀಸು, ಹಂಚಿನ ರಿಪೇರಿ ಎಲ್ಲ ಇದರಲ್ಲೇ. ಕೇಂದ್ರದ ಶಾಲಾ ಯೋಜನೆಯಾದ ಪಿಎಂ ಶ್ರೀಗೆ ಸಹಿ ಹಾಕುವ ಜಗಳದಲ್ಲಿ ಕೇಂದ್ರದ ಪಾಲು ನಿಂತಾಗ ಇದೂ ಸಮಯಕ್ಕೆ ಬರಲಿಲ್ಲ. ಮಧ್ಯಾಹ್ನದ ಊಟಕ್ಕೆ ಬಹುಕಾಲ ಇದ್ದ ದರ ಮೊದಲ 150 ಮಕ್ಕಳಿಗೆ ದಿನಕ್ಕೆ ತಲಾ 8 ರೂಪಾಯಿ. ಅಕ್ಕಿ ಬಿಟ್ಟು ಪಲ್ಯ, ಸಾಂಬಾರು, ಗ್ಯಾಸು, ಮೊಟ್ಟೆ, ಹಾಲು ಎಲ್ಲವೂ ಅದರಲ್ಲೇ ಆಗಬೇಕಿತ್ತು. ನಲವತ್ತು ಮಕ್ಕಳ ಶಾಲೆಗೂ ಗ್ಯಾಸ್ ಒಲೆ ಉರಿಯಲೇಬೇಕಲ್ಲ. ಅಂಗಡಿ ಸಾಲ ಹೆಡ್‌ಮಾಸ್ತರರ ಹೆಸರಿಗೆ.

ಇನ್ನು ಫಲಿತಾಂಶ. 2024ರಲ್ಲಿ ಕೇರಳದ ಎಸ್ಸೆಸ್ಸೆಲ್ಸಿ ತೇರ್ಗಡೆ ಶೇ. 99.69. ಈ ಅಂಕಿ ನೋಡಿ ಇಲ್ಲಿಯ ಕಲಿಕೆಯನ್ನು ಅಳೆಯಬೇಡಿ. 100 ಅಂಕದ ವಿಷಯದಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೆ, 80 ಬರಹಕ್ಕೆ. ಎರಡೂ ಸೇರಿ 30 ಬಂದರೆ ಡಿ ಪ್ಲಸ್, ಪಾಸು. ಆಂತರಿಕ 20 ಪೂರ್ತಿ ಸಿಕ್ಕಿದರೆ ಗಣಿತದಲ್ಲಿ 80ಕ್ಕೆ 10 ಸಾಕು. ವರ್ಷವಿಡೀ ಕನ್ನಡ ತಿಳಿಯದ ಅಧ್ಯಾಪಕರಿಂದ ಭೌತಶಾಸ್ತ್ರ ಕೇಳಿದ ಮಗುವೂ ಹೀಗೆ ಪಾಸಾಗುತ್ತದೆ. ಪ್ಲಸ್ ಒನ್ (11ನೇ ತರಗತಿ) ವಿಜ್ಞಾನಕ್ಕೆ ಹೋದಾಗ ಬಣ್ಣ ಬಯಲು. ಬರಹದಲ್ಲೇ ಶೇ. 30 ಬೇಕೆಂಬ ಕ್ರಮವನ್ನು 2024–25ರಲ್ಲಿ 8ನೇ ತರಗತಿಯಿಂದ ಆರಂಭಿಸಿದ್ದಾರೆ. ಅದು 10ಕ್ಕೆ ಬಂದರೆ 80ಕ್ಕೆ 24 ಬರೆದು ತೆಗೆಯಬೇಕು. ಅಧ್ಯಾಪಕರಿಲ್ಲದ ಕನ್ನಡ ತರಗತಿಗೇ ಅದರ ಪೆಟ್ಟು ಮೊದಲು ಬೀಳುವುದು ಎಂದು ನನ್ನ ಅಂದಾಜು.

ಕನ್ನಡ ಬಲ್ಲವರು ಸಿಗುವುದಿಲ್ಲವೇ? ಮಂಗಳೂರಿನಲ್ಲಿ ಬಿ.ಎಡ್. ಮುಗಿಸಿದವರು ಇದ್ದಾರೆ. ಆದರೆ ಅವರ ಪದವಿಗೆ ಕೇರಳದ ವಿಶ್ವವಿದ್ಯಾಲಯದಿಂದ ತತ್ಸಮಾನ ಪ್ರಮಾಣಪತ್ರ ಬೇಕು, ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾಗಿರಬೇಕು, ಆಮೇಲೆ ಲೋಕಸೇವಾ ಆಯೋಗದ (ಪಿಎಸ್‌ಸಿ) ಪಟ್ಟಿಗಾಗಿ ಕಾಯಬೇಕು. ಅಷ್ಟರವರೆಗೆ ದಿನಗೂಲಿ ಅಧ್ಯಾಪಕರಿಗಾಗಿ ಸಂದರ್ಶನ. ಕನ್ನಡ ಗಣಿತಕ್ಕೆ ಅಭ್ಯರ್ಥಿಯೇ ಬಾರದೆ ಎರಡನೆಯ ಸಲ ಕರೆಯುವಷ್ಟರಲ್ಲಿ ಮೊದಲ ಅವಧಿಯ ಓಣಂ ಪರೀಕ್ಷೆ ಎದುರಿಗೆ ನಿಂತಿರುತ್ತದೆ.

ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ನೆರವು ಈ ಕಡೆಗೂ ಬರುತ್ತದೆ, ಆದರೆ ಅದು ಕಟ್ಟಡದಂಥ ಒಂದಾವರ್ತಿ ಕೆಲಸಕ್ಕೆ. ಹೊರಗಿನವರು ಸಹಾಯ ಮಾಡುವುದಿದ್ದರೆ ಗೋಡೆಗೆ ಬಣ್ಣ ಹೊಡೆಸುವ ಮೊದಲು ಶಾಲಾ ಬಸ್ಸಿನ ಲೆಕ್ಕ ಕೇಳಿ. ಬಸ್ಸು ಶಾಸಕರ ನಿಧಿಯಿಂದ ಬಂದಿದ್ದರೂ ಡೀಸೆಲ್, ಇನ್ಶೂರೆನ್ಸ್, ಡ್ರೈವರನ ಸಂಬಳ ಹೆತ್ತವರು-ಅಧ್ಯಾಪಕರ ಸಂಘದ (ಪಿಟಿಎ) ತಲೆಗೆ. ಖಾಸಗಿ ಶಾಲೆಯ ವ್ಯಾನು ಮನೆ ಬಾಗಿಲಿಗೆ ಬರುವ ಊರಿನಲ್ಲಿ ನಮ್ಮ ಬಸ್ಸು ಜೂನ್ ಮೊದಲ ವಾರ ಶೆಡ್ಡಿನಲ್ಲಿ ನಿಂತರೆ ಆರನೆಯ ದಿನದ ಲೆಕ್ಕ ಅಲ್ಲಿಗೇ ಕೆಟ್ಟಿತು. ಏಪ್ರಿಲ್‌ನಲ್ಲೇ ಫಿಟ್‌ನೆಸ್, ಟೈರು, ಇನ್ಶೂರೆನ್ಸಿಗೆ ಹಣ ಹೊಂದಿಸಿ ಕೊಟ್ಟರೆ ಉಳಿದದ್ದನ್ನು ಪಿಟಿಎಯವರು ನೋಡಿಕೊಳ್ಳುತ್ತಾರೆ.