ಘುಮಟದ ದನಿ ಇರುವುದು ಎಡಗೈಯಲ್ಲಿ

ನಿಮಗೆ ಅತಿ ಇಷ್ಟದ ವಾದ್ಯ ಯಾವುದು, ಅದರ ದನಿಯಲ್ಲಿ ಅಂಥದ್ದೇನಿದೆ ಎಂದು ಕೇಳಿದ್ದೀರಿ. ನನ್ನ ಉತ್ತರ ಘುಮಟ. ನಮ್ಮ ಕರಾವಳಿಯಲ್ಲಿ ಗುಮಟೆ ಎನ್ನುತ್ತೇವೆ. ಎರಡು ಬಾಯಿಯ ಮಣ್ಣಿನ ಮಡಕೆ ಅದು. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣ ಬಾಯಿ ತೆರೆದೇ ಇರುತ್ತದೆ. ತಂತಿಯಿಲ್ಲ, ಬಿರಡೆಯಿಲ್ಲ, ಶ್ರುತಿ ಮಾಡಲು ಮೃದಂಗಕ್ಕಿರುವಂಥ ಬಾರು, ಮರದ ಗಟ್ಟಿಗಳೂ ಇಲ್ಲ.

ನಾನು ಕುಂದಾಪುರ ಕಡೆಯವನು, ಈಗ ಇರುವುದು ಗೋವಾದ ಮಡಗಾಂವ್‌ನಲ್ಲಿ. ಕುಂದಾಪುರದವನ ಬಾಯಲ್ಲಿ ಚಂಡೆ ಎಂಬ ಉತ್ತರ ಬರಬೇಕಿತ್ತು ಎಂದು ನಮ್ಮ ಊರಿನವರು ಯಾರಾದರೂ ಇದನ್ನು ಓದಿದರೆ ಖಂಡಿತ ಎಣಿಸುತ್ತಾರೆ. ಬಡಗುತಿಟ್ಟಿನ ಯಕ್ಷಗಾನದ ಆಟ ನೋಡಿಯೇ ಬೆಳೆದವನು ನಾನು, ಚಂಡೆಯ ಮೇಲೆ ನನಗೂ ಪ್ರಾಣ. ಆದರೆ ಚಂಡೆ ಗದ್ದೆ ದಾಟಿ, ಹೊಳೆ ದಾಟಿ ದೂರದವರನ್ನು ಕರೆಯುವ ವಾದ್ಯ. ಗುಮಟೆ ಹತ್ತಿರ ಕೂತವರಿಗಾಗಿ ಇರುವುದು. ತಂಬೂರಿ, ಪಿಟೀಲು, ಕೊಳಲು ಎಲ್ಲ ಕೇಳುತ್ತೇನೆ, ಸಂತೋಷಪಡುತ್ತೇನೆ. ಗುಮಟೆ ಕೇಳಿದಾಗ ಮಾತ್ರ ಎದ್ದು ಹೋಗಿ ಪಕ್ಕದಲ್ಲಿ ಕೂರಬೇಕು ಅನ್ನಿಸುತ್ತದೆ.

ಅದಕ್ಕೆ ಕಾರಣ ಹೇಳುತ್ತೇನೆ. ಘುಮಟ ನುಡಿಸುವವರ ಬಲಗೈಯನ್ನು ಎಲ್ಲರೂ ನೋಡುತ್ತಾರೆ, ಚರ್ಮದ ಮೇಲೆ ಬೆರಳು ಬೀಳುವುದು ಅಲ್ಲೇ ತಾನೆ. ನೀವು ಎಡಗೈ ನೋಡಿ. ಆ ಅಂಗೈ ಸಣ್ಣ ಬಾಯಿಯನ್ನು ಮುಚ್ಚುತ್ತ ತೆರೆಯುತ್ತ ಇರುತ್ತದೆ. ಬಲಗೈ ಪೆಟ್ಟು ಕೊಟ್ಟಾಗ ಚರ್ಮ ಅದುರಿ ಮಡಕೆಯೊಳಗಿನ ಗಾಳಿಯನ್ನು ತಳ್ಳುತ್ತದೆ. ಆ ಗಾಳಿ ಸಣ್ಣ ಬಾಯಿಯಲ್ಲಿ ಹೊರಗೊಮ್ಮೆ ಒಳಗೊಮ್ಮೆ ಆಡಿ ತನ್ನದೇ ಒಂದು ಸ್ವರ ಹಿಡಿಯುತ್ತದೆ. ಬಾಯಿ ಪೂರ್ತಿ ತೆರೆದಿದ್ದರೆ ಸ್ವರ ಮೇಲೆ, ಅರ್ಧ ಮುಚ್ಚಿದರೆ ಕೆಳಗೆ. ಗಟ್ಟಿಯಾಗಿ ಅದುಮಿದರೆ ಗಾಳಿಗೆ ದಾರಿಯಿಲ್ಲದೆ ನಾದ ಗಂಟಲಲ್ಲೇ ನಿಲ್ಲುತ್ತದೆ. ಪೆಟ್ಟು ಬಿದ್ದು, ನಾದ ಇನ್ನೂ ಉಳಿದಿರುವಾಗಲೇ ಅಂಗೈ ಸರಿಸಿದರೆ ಸ್ವರ ಜಾರುತ್ತದೆ, ಘುಮ್ ಎಂದು ಶುರುವಾದದ್ದು ಘೂಂಽ ಎಂದು ಮೇಲೇಳುತ್ತದೆ. ರಾತ್ರಿ ಕಥೆ ಕೇಳುತ್ತಿರುವವರು ನಡುನಡುವೆ ಹೂಂಗುಟ್ಟಿದಂತೆ ಇರುತ್ತದೆ ಅದು. ಹಾಡುವವನ ಸಾಲು ಮುಗಿಯುವಲ್ಲಿ ಮಡಕೆ ಒಪ್ಪಿಗೆ ಕೊಡುತ್ತದೆ, ಅವನು ಮುಂದಿನ ಸಾಲಿಗೆ ಹೋಗುತ್ತಾನೆ.

ಟೊಳ್ಳು ಪಾತ್ರೆಯೊಳಗಿನ ಗಾಳಿ ಹೀಗೆ ಮೊಳಗುವುದನ್ನು ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಲೆಕ್ಕಕ್ಕೆ ತಂದರು. ಪಾತ್ರೆಯ ಹೊಟ್ಟೆ ದೊಡ್ಡದಾದಷ್ಟೂ, ಬಾಯಿ ಕಿರಿದಾದಷ್ಟೂ ಸ್ವರ ತಗ್ಗುತ್ತದೆ. ಘಟಂ ವಿದ್ವಾಂಸರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ ಬಿಡುವುದು ಕೂಡ ಇದನ್ನೇ ನೆಚ್ಚಿಕೊಂಡು. ಆದರೆ ಘಟಂನಲ್ಲಿ ಪೆಟ್ಟು ಬೀಳುವುದು ಮಣ್ಣಿನ ಮೇಲೆ. ಘುಮಟದಲ್ಲಿ ಚರ್ಮ, ಮಣ್ಣು, ಗಾಳಿ ಮೂರೂ ದನಿ ಕೊಡುತ್ತವೆ, ಆ ಮೂರನ್ನೂ ನಡೆಸುವುದು ಎಡ ಅಂಗೈ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಮಾತಾಡುವ ಇನ್ನೊಂದು ತಾಳವಾದ್ಯ ನಾನು ಕಂಡಿಲ್ಲ.

ಗೋವಾದಲ್ಲಿ ಇದನ್ನು ಕೇಳಲು ಚೌತಿಯೇ ಕಾಲ. ಗಣಪತಿ ಒಂದೂವರೆ ದಿನ ಇರುವ ಮನೆಗಳೂ ಇವೆ, ಐದು, ಏಳು, ಒಂಬತ್ತು, ಹನ್ನೊಂದು ದಿನ ಇರುವ ಮನೆಗಳೂ ಇವೆ. ಮೂರ್ತಿಯ ಮೇಲೆ ಮಾಟೋಳಿ ಎಂಬ ಮರದ ಚೌಕಟ್ಟು ಕಟ್ಟಿರುತ್ತಾರೆ, ಕಾಡಿನ ಕಾಯಿ, ಹಣ್ಣು, ಬಳ್ಳಿಗಳೆಲ್ಲ ಅದರಿಂದ ತೂಗುತ್ತಿರುತ್ತವೆ. ಸಂಜೆಯಾದರೆ ವಾಡ್ಯದ, ಅಂದರೆ ಕೇರಿಯ, ಗಂಡಸರು, ಹುಡುಗರು ಮನೆಯಿಂದ ಮನೆಗೆ ಆರತಿಗೆ ಹೋಗುತ್ತಾರೆ. ಈಗ ಹುಡುಗಿಯರ ಗುಂಪುಗಳೂ ಇವೆ, ನನಗೆ ಬಹಳ ಸಂತೋಷ ಅದು. ನಾಲ್ಕೈದು ಘುಮಟ, ಕೋಲಿನಲ್ಲಿ ಬಾರಿಸುವ ಶಮೇಳ ಎಂಬ ಚರ್ಮವಾದ್ಯ ಒಂದು, ಜೊತೆಗೆ ಕಾಂಸಾಳೆ ಎಂಬ ತಾಳ. ಆರತಿ ಹೆಚ್ಚಿನವು ಮರಾಠಿಯಲ್ಲಿ. ನಿಧಾನವಾಗಿ ಶುರುವಾಗಿ, ಒಂದು ಹಂತಕ್ಕೆ ಬಂದ ಮೇಲೆ ಲಯ ತಿರುಗಿ ಏರುತ್ತದೆ. ಶಮೇಳ ಚುರುಕಾಗಿ ಕಟಕಟ ಎನ್ನುತ್ತ ಮುಂದೆ ಓಡುತ್ತದೆ, ಕಾಂಸಾಳೆ ಮಿಂಚುತ್ತದೆ, ಕೆಳಗೆ ಘುಮಟಗಳು ಒಟ್ಟಾಗಿ ಉಸಿರಾಡುತ್ತವೆ. ಒಳ್ಳೆಯ ಗುಂಪಿನಲ್ಲಿ ಎಲ್ಲ ಎಡಗೈಗಳೂ ಒಟ್ಟಿಗೆ ತೆರೆಯುತ್ತವೆ. ಆಗ ಹೆಂಚಿನ ಮನೆಯ ಚಾವಡಿಯಲ್ಲಿ ಕೂತಿದ್ದರೆ ನೆಲ ಅದುರುವುದು ಗೊತ್ತಾಗುತ್ತದೆ.

ಇದೇ ಮಡಕೆ ಕ್ರೈಸ್ತರ ಮನೆಗಳಲ್ಲೂ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ನಾನಿರುವ ಈ ಸಾಷ್ಟಿ ತಾಲೂಕಿನ ಕುಡ್ತರಿ, ಲೊಟ್ಲಿ, ರಾಯ್ ಮೊದಲಾದ ಊರುಗಳಲ್ಲಿ ಮಾಂಡೊ ಬೆಳೆಯಿತು. ಪ್ರೀತಿ, ಅಗಲಿಕೆಗಳ ನಿಧಾನದ ಹಾಡು ಅದು. ಪಿಟೀಲು ರಾಗ ಎಳೆಯುತ್ತದೆ, ಘುಮಟ ಕೆಳಗಿನಿಂದ ಹಿಡಿದುಕೊಳ್ಳುತ್ತದೆ. ಮಾಂಡೊ ಮುಗಿದು ದುಲ್ಪೊದ್ ಎಂಬ ಚುರುಕಿನ ಹಾಡು ಶುರುವಾದಾಗ ಅದೇ ಕೈಗಳು ಬೇರೆಯೇ ಆಗುತ್ತವೆ. ಗಣಪತಿ ಆರತಿಗೂ ಮಾಂಡೊಗೂ ಒಂದೇ ಮಡಕೆ ಸಾಕಾಗಿದೆ ಎಂಬುದು ಗೋವಾದ ಬಗ್ಗೆ ನನಗೆ ಅತ್ಯಂತ ಪ್ರಿಯವಾದ ಸಂಗತಿ.

ನಾನು ಈ ಊರಿಗೆ ಬಂದ ಹೊಸದರಲ್ಲಿ ಆರತಿಯ ದನಿಯನ್ನು ಫೋನಿನಲ್ಲಿ ಅಮ್ಮನಿಗೆ ಕೇಳಿಸಿದ್ದೆ. ಅವರು ಸ್ವಲ್ಪ ಹೊತ್ತು ಕೇಳಿ, “ಇದ್ ನಮ್ಮ್ ಬದಿ ಹೋಳಿ ಗುಮಟಿ ಅಲ್ದನಾ?” ಅಂದರು. ಸರಿಯಾಗಿಯೇ ಹಿಡಿದಿದ್ದರು. ಬಾರ್ಕೂರು, ಬ್ರಹ್ಮಾವರ, ಕುಂದಾಪುರ ಕಡೆಯ ಕುಡುಬಿ ಸಮುದಾಯದವರು ಹೋಳಿಯಲ್ಲಿ ಬಿಳಿ ನಿಲುವಂಗಿ ತೊಟ್ಟು, ಮುಂಡಾಸಿಗೆ ಅಬ್ಬಲಿಗೆ ಹೂ ಸಿಕ್ಕಿಸಿಕೊಂಡು, ಗುಮಟೆ ಬಾರಿಸುತ್ತ ಕುಣಿಯುವುದನ್ನು ನಾವು ಚಿಕ್ಕಂದಿನಿಂದ ನೋಡಿದವರು. ಅವರ ಹಿರಿಯರು ಗೋವಾದಿಂದ ಬಂದವರು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು, 1560ರಲ್ಲಿ ಅಲ್ಲಿ ಇನ್‌ಕ್ವಿಸಿಶನ್ ಎಂಬ ಚರ್ಚಿನ ಧರ್ಮವಿಚಾರಣೆ ಶುರುವಾಯಿತು. ಆ ಕಾಲದ ಕಿರುಕುಳಕ್ಕೆ ಊರು ಬಿಟ್ಟು ದಕ್ಷಿಣಕ್ಕೆ ನಡೆದ ಜನರಲ್ಲಿ ಅವರೂ ಸೇರಿದ್ದರು. ಹೊಲ, ಮನೆ, ಗುಡಿ ಬಿಟ್ಟು ಬಂದರೂ ಕೊಂಕಣಿ ಹಾಡುಗಳನ್ನೂ ಗುಮಟೆಯ ಪೆಟ್ಟನ್ನೂ ಬಿಡಲಿಲ್ಲ. ಇನ್ನೂ ಉತ್ತರಕ್ಕೆ, ಅಂಕೋಲೆ, ಕುಮಟೆಗಳ ಹಾಲಕ್ಕಿ ಒಕ್ಕಲಿಗರಲ್ಲಿ ಗುಮಟೆ ಬಾರಿಸುತ್ತ ಹಾಡುವ ಗುಮಟೆ ಪಾಂಗು ಇದೆ, ಅವರದು ಕನ್ನಡ ಹಾಡು. ಗೋವಾದಿಂದ ಬಾರ್ಕೂರಿನವರೆಗೆ ಕಡಲ ಬದಿಯ ಪಟ್ಟಿಯಲ್ಲಿ ಭಾಷೆ ಬದಲಾಗುತ್ತದೆ, ದೇವರು ಬದಲಾಗುತ್ತಾನೆ, ಮಡಕೆ ಮಾತ್ರ ಹಾಗೇ ಇದೆ.

ಈಗ ಚರ್ಮದ ಮಾತು. ನಾನು ಈ ಉತ್ತರ ಬರೆಯಲು ಕೂತದ್ದೇ ಮುಖ್ಯವಾಗಿ ಇದಕ್ಕೆ.

ಹಿಂದೆ ಗುಮಟೆಗೆ ಕಟ್ಟುತ್ತಿದ್ದದ್ದು ಉಡದ ಚರ್ಮ. ತೆಳು, ಗಟ್ಟಿ ಚರ್ಮ ಅದು. ಕರ್ನಾಟಕ ಸಂಗೀತದ ಖಂಜಿರಕ್ಕೂ ಅದನ್ನೇ ಬಳಸುತ್ತಿದ್ದರು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಶಿಷ್ಟದಲ್ಲಿರುವ ಪ್ರಾಣಿ. ಅದನ್ನು ಕೊಲ್ಲುವುದೂ ಅದರ ಚರ್ಮ ಮಾರುವುದೂ ದೊಡ್ಡ ಅಪರಾಧ. ಹೀಗಾಗಿ ಈಗ ಕಟ್ಟುವುದು ಆಡಿನ ಚರ್ಮ. 2019ರಲ್ಲಿ ಗೋವಾ ಸರ್ಕಾರ ಘುಮಟವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಶಾಲೆಗಳಲ್ಲಿ, ಸ್ಪರ್ಧೆಗಳಲ್ಲಿ ಮಕ್ಕಳು ಎದೆ ಎತ್ತಿ ಬಾರಿಸುತ್ತಿರುವುದು ಈ ಆಡಿನ ಚರ್ಮದ ಘುಮಟವನ್ನೇ.

ಆದರೂ ಹಳೆಯ ತಲೆಗಳು ಕೂತಲ್ಲೆಲ್ಲ ಒಂದು ಮಾತು ಬರುತ್ತದೆ: ಉಡ ಹೋಯಿತು, ಘುಮಟದ ಜೀವವೂ ಹೋಯಿತು. ಇದನ್ನು ನಾನು ಒಪ್ಪುವುದಿಲ್ಲ. ಎರಡೂ ಚರ್ಮದ ದನಿಯನ್ನು ಹತ್ತಿರದಿಂದ ಕೇಳಿದ ಮೇಲೆ ಹೇಳುತ್ತಿದ್ದೇನೆ. ವ್ಯತ್ಯಾಸ ಇದೆ. ಬೆರಳಿನ ತುದಿಯಿಂದ ಅಂಚಿಗೆ ಹೊಡೆದಾಗ ಬರುವ ಟಕ್ ಎಂಬ ಚೂಪು ಪೆಟ್ಟು ಉಡದ ಚರ್ಮದಲ್ಲಿ ಹೆಚ್ಚು ಸ್ಪಷ್ಟ. ಆಡಿನದು ಸ್ವಲ್ಪ ಮೊಂಡು. ಆದರೆ ನಾವು ಘುಮಟವನ್ನು ಪ್ರೀತಿಸುವುದು ಆ ಟಕ್‌ಗಾಗಿ ಅಲ್ಲವಲ್ಲ, ಕೆಳಗಿನ ಘುಮ್‌ಗಾಗಿ. ಅದು ಹುಟ್ಟುವುದು ಮಡಕೆಯ ಹೊಟ್ಟೆಯಲ್ಲಿ, ಅದನ್ನು ತಿದ್ದುವುದು ಅಂಗೈ. ಎಳೆ ಆಡಿನ ತೆಳು ಚರ್ಮವನ್ನು ಸರಿಯಾಗಿ ನೆನೆಸಿ, ಎಲ್ಲ ಕಡೆ ಒಂದೇ ಸಮ ಎಳೆದು ಕಟ್ಟಿದರೆ ಆ ನಾದಕ್ಕೆ ಏನೂ ಕೊರತೆಯಿಲ್ಲ.

ನಮ್ಮ ವಾಡ್ಯದ ಆರತಿ ಗುಂಪಿನ ಹಿರಿಯರೊಬ್ಬರನ್ನು ನಾನು ಮಾಮ ಎಂದು ಕರೆಯುವುದು. ನನಗೆ ಕೈ ಇಡುವುದನ್ನು ಕಲಿಸಿದವರು ಅವರೇ. ಯಾರಾದರೂ ಚರ್ಮದ ವಿಷಯ ತೆಗೆದರೆ ಅವರು ವಾದಕ್ಕೆ ಹೋಗುವುದಿಲ್ಲ. ಘುಮಟವನ್ನು ಮುಖದ ಹತ್ತಿರ ತಂದು, ಸಣ್ಣ ಬಾಯಿಗೆ ತುಟಿ ಹತ್ತಿರ ಇಟ್ಟು ಮೆಲ್ಲಗೆ ಗುನುಗುತ್ತ ಸ್ವರ ಏರಿಸುತ್ತ ಹೋಗುತ್ತಾರೆ. ಒಂದು ಸ್ವರಕ್ಕೆ ಬಂದಾಗ ಮಡಕೆ ತಾನೇ ಮೊಳಗುತ್ತದೆ, ಹಿಡಿದ ಕೈಗೂ ಅದು ತಾಗುತ್ತದೆ. “ಇದರ ಸ್ವರ ಇದು. ಮೇಲೆ ಯಾವ ಚರ್ಮ ಇದ್ದರೂ ಇದು ಇಷ್ಟೇ ಹೇಳುತ್ತದೆ,” ಎನ್ನುತ್ತಾರೆ. ಕುಂಬಾರನ ಕೈಯ ಬಗ್ಗೆ ಅವರಿಗಿರುವ ಗೌರವ ನನಗೂ ಬಂದದ್ದು ಹೀಗೆ. ಗೋಡೆ ಒಂದೇ ದಪ್ಪ ಇರಬೇಕು, ಚೆನ್ನಾಗಿ ಬೆಂದಿರಬೇಕು, ದೊಡ್ಡ ಬಾಯಿಯ ಅಂಚು ಚರ್ಮದ ಹಗ್ಗ ಜಾರದ ಹಾಗೆ ಹೊರಕ್ಕೆ ಬಾಗಿರಬೇಕು. ಉಡಕ್ಕಾಗಿ ಕೊರಗುವವರು ಇಂಥ ಮಡಕೆ ಮಾಡುವ ಕುಂಬಾರರು ಎಷ್ಟು ಮನೆ ಉಳಿದಿದ್ದಾರೆ ಎಂದು ಕೇಳಬೇಕು. ಡಿಚೋಲಿಯಂಥ ಕುಂಬಾರಿಕೆಯ ಊರುಗಳಲ್ಲಿ ಅವರ ಮಕ್ಕಳು ಚಕ್ರದ ಮುಂದೆ ಕೂರುವುದನ್ನು ಬಿಟ್ಟರೆ ಘುಮಟಕ್ಕೆ ನಿಜವಾಗಿ ಕಷ್ಟ ಬರುವುದು ಆಗ.

ಆಡಿನ ಚರ್ಮದ ಒಂದು ತೊಂದರೆ ಮಾತ್ರ ಒಪ್ಪಬೇಕಾದದ್ದು. ಚೌತಿ ಮಳೆಗಾಲದಲ್ಲಿ ಬರುತ್ತದೆ, ಚರ್ಮ ತೇವ ಹೀರಿ ಸಡಿಲವಾಗುತ್ತದೆ. ಎಳೆದು ಬಿಗಿಯಲು ದಾರಿಯಿಲ್ಲದ ಕಾರಣ ಬಿಸಿ ಕಾಣಿಸುವುದೊಂದೇ ಉಪಾಯ. ಬೆಂಕಿಯಿಂದ ದೂರ ಹಿಡಿದು, ತಿರುಗಿಸುತ್ತ, ಬೆರಳಿನಿಂದ ತಟ್ಟಿ ನೋಡುತ್ತ ಕಾಯಿಸಬೇಕು. ಆತುರಪಟ್ಟರೆ ಚರ್ಮ ಸೀಳುತ್ತದೆ.

ನೀವು ಇದನ್ನು ಯೂಟ್ಯೂಬಿನಲ್ಲಿ ಹುಡುಕುತ್ತೀರಿ ಎಂದು ಗೊತ್ತು. ದಯವಿಟ್ಟು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಆ ಪುಟ್ಟ ಸ್ಪೀಕರ್ ತಗ್ಗಿನ ಸ್ವರಗಳನ್ನು ಹೇಳಲಾರದು, ನಿಮಗೆ ಟಕಟಕ ಮಾತ್ರ ಕೇಳಿಸಿ ಇದರಲ್ಲೇನಿದೆ ಅನ್ನಿಸುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ. ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಮೈಕನ್ನು ಚರ್ಮದ ಕಡೆ ಇಟ್ಟಿರುತ್ತಾರೆ, ಅದೂ ಅನ್ಯಾಯ. ನೀವೇ ರೆಕಾರ್ಡ್ ಮಾಡುವುದಾದರೆ ಸಣ್ಣ ಬಾಯಿಯ ಕಡೆ ಹಿಡಿಯಿರಿ, ಸ್ವಲ್ಪ ಓರೆಯಾಗಿ, ಗಾಳಿಯ ಹೊಡೆತ ನೇರ ತಾಗದ ಹಾಗೆ.

ಎದುರು ಕೂತು ಕೇಳುವುದಕ್ಕೆ ಸಮನಾದದ್ದು ಇಲ್ಲ. ಚೌತಿಗೆ ಗೋವಾಕ್ಕೆ ಬಂದರೆ ಯಾವ ಹಳ್ಳಿಯಲ್ಲಾದರೂ ಸಿಗುತ್ತದೆ, ಆರತಿ ಹೊತ್ತಿಗೆ ಹೋದವರನ್ನು ಯಾರೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಕರ್ನಾಟಕದಲ್ಲೇ ಇದ್ದರೆ ಹೋಳಿ ಹುಣ್ಣಿಮೆಯ ಮುಂಚಿನ ದಿನಗಳಲ್ಲಿ ಬಾರ್ಕೂರು ಕಡೆ, ಸುಗ್ಗಿಗೆ ಅಂಕೋಲೆ ಕಡೆ ಹೋಗಿ. ನುಡಿಸುವವರ ಎಡಬದಿಗೆ ಕೂರಿ.

ಕೇಳಿದ ಮೇಲೆ ಒಂದು ಕೊಳ್ಳಬೇಕು ಅನ್ನಿಸಿದರೆ ಚೌತಿಯ ಮುಂಚಿನ ವಾರಗಳಲ್ಲಿ ಮಡಗಾಂವ್, ಮ್ಹಾಪ್ಸಾ ಪೇಟೆಗಳಲ್ಲಿ ಸಿಗುತ್ತದೆ. ಚರ್ಮ ನೋಡುವ ಮೊದಲು ಬೆರಳ ಗಿಣ್ಣಿನಿಂದ ಮಡಕೆಯನ್ನು ಸುತ್ತಲೂ ತಟ್ಟಿ. ಕಣ್ಣಿಗೆ ಕಾಣದ ಬಿರುಕಿದ್ದರೂ ದನಿ ಒಡೆದು ಬರುತ್ತದೆ. ಆಮೇಲೆ ಮಾಮ ಮಾಡುವ ಹಾಗೆ ಸಣ್ಣ ಬಾಯಿಯಲ್ಲಿ ಗುನುಗಿ, ಅದರ ಸ್ವರ ನಿಮ್ಮ ಗಂಟಲಿಗೆ ಹೊಂದುತ್ತದೆಯೇ ನೋಡಿ. ನಿಮ್ಮ ಅಂಗೈ ಆ ಬಾಯಿಯನ್ನು ಪೂರ್ತಿ ಮುಚ್ಚುವಂತಿರಬೇಕು. ಉಡದ ಚರ್ಮದ ಹಳೆಯದೊಂದು ಇದೆ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಬೇಡ ಎಂದು ಹೇಳಿ ಮುಂದಿನ ಅಂಗಡಿಗೆ ಹೋಗಿ.